ಫಾರಮ್ಮಿನ ಹಿಂಬದಿ

ಕಾರು ನನ್ನ ಮೇಲೇ ಬಂತು.

ಪಕ್ಕಕ್ಕೆ ಹಾರಿದೆ. ಕಾರಿನ ಕನ್ನಡಿ ಮೊಣಕೈಗೆ ಬಡಿಯಿತು. ಹಿಂದಿನ ಸೀಟಿನಲ್ಲಿ ಹುಡುಗಿ... ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಅವಳ ಅಣ್ಣ. ಸ್ಟೀರಿಂಗ್ ಹಿಡಿದವನು ಅಪ್ಪ.

ನನ್ನ ಕ್ಲೈಂಟ್.

ಅವಳ ವಿಳಾಸ ಕೊಟ್ಟವನು ನಾನೇ. ಹೇಗೆ ಅಂತೀರಾ? ಕೇಳಿ.

ಬೆಳಿಗ್ಗೆ ಹನ್ನೊಂದಕ್ಕೆ ಕಾಲೇಜಿನ ರೆಕಾರ್ಡ್ ರೂಮಿಗೆ ಹೋಗಿದ್ದೆ. ಗುಮಾಸ್ತ ಹಳೇ ಪರಿಚಯ. ವಿದ್ಯಾರ್ಥಿಗಳ ಫೈಲನ್ನು ಹೊರಗಿನವರಿಗೆ ತೋರಿಸುವ ಹಾಗಿಲ್ಲ. ಅವನೂ ತೋರಿಸುವುದಿಲ್ಲ. ಫೈಲನ್ನು ಮೇಜಿನ ಮೇಲಿಟ್ಟು, "ಟೀ ಕುಡ್ಕೊಂಡು ಬರ್ತೀನಿ" ಎಂದು ಎದ್ದು ಹೋಗುತ್ತಾನೆ. ಅವನ ಟೀ ನಾಲ್ಕು ನಿಮಿಷ. ನನ್ನ ಕೆಲಸ ಎರಡು.

ಹುಡುಗಿಗೆ ಇಪ್ಪತ್ತು ವರ್ಷ. "ಫೋನ್ ಎತ್ತಲ್ಲ. ಚೆನ್ನಾಗಿದಾಳೆ ಅಂತ ಗೊತ್ತಾದ್ರೆ ಸಾಕು" ಎಂದು ಅಪ್ಪ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಮುಂದೆ ಕಣ್ಣೊರೆಸಿಕೊಂಡಿದ್ದ. ಖಾಸಗಿ ಪತ್ತೇದಾರನಾಗಿ ಇಪ್ಪತ್ತು ವರ್ಷದ ಅನುಭವ ನನ್ನದು. ನಂಬಿಬಿಟ್ಟೆ. ಅವಳ ಈಗಿನ ವಿಳಾಸದ ಫಾರಮ್ಮಿನ ಫೋಟೊ ಹೊಡೆದು ಅಲ್ಲಿಂದಲೇ ಅವನಿಗೆ ಕಳಿಸಿದೆ.

ಅರ್ಧ ಗಂಟೆಗೆ ಗುಮಾಸ್ತನ ಫೋನ್.

"ಸಾರ್, ಫಾರಂ ತಿರುಗಿಸಿ ನೋಡಿದ್ರಾ?"

"ಇಲ್ಲ. ಯಾಕೆ?"

"ಹಿಂದ್ಗಡೆ ಅವಳೇ ಬರ್ದಿದಾಳೆ. ಈ ವಿಳಾಸವನ್ನು ನನ್ನ ತಂದೆಗೆ ಕೊಡಬೇಡಿ. ಹೋದ ಸಲ ಕೈ ಮುರಿದಿದ್ದಾರೆ... ಕೆಳಗೆ ಸೈನ್ ಇದೆ."

"ನೀನು ಮೊದಲೇ ನೋಡ್ಬಾರ್ದಿತ್ತೇನಯ್ಯಾ?"

"ನಾನು ಟೀಗೆ ಹೋಗಿದ್ನಲ್ಲ ಸಾರ್."

ಓಡಿದೆ. ಅಪ್ಪನ ಫೋನ್ ಸ್ವಿಚ್ ಆಫ್. ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಬಾಡಿಗೆ ರೂಮು ಅವಳದು. ಗೇಟು ಮುಟ್ಟುವಷ್ಟರಲ್ಲಿ ಆ ಕಾರು ಹೊರಬಂದು ನನ್ನ ಮೇಲೇ ನುಗ್ಗಿತು. ಬಿದ್ದಲ್ಲಿಂದ ಎದ್ದು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಒಂದೇ ಚಪ್ಪಲಿ ಬಿದ್ದಿತ್ತು. ಪೊಲೀಸರ ಹತ್ತಿರ ಓಡಿದೆ.

ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರ್ ಪೆನ್ನಿನ ಕ್ಯಾಪ್ ಕೂಡ ತೆಗೆಯಲಿಲ್ಲ.

"ಅಪ್ಪ ಮಗಳನ್ನ ಮನೆಗೆ ಕರ್ಕೊಂಡು ಹೋದ. ಇದ್ರಲ್ಲಿ ಕೇಸ್ ಏನ್ರೀ?"

"ಹೊಡೀತಾನೆ ಸಾರ್. ಕೊಂದ್ರೂ ಕೊಂದ."

"ಎಲ್ಲಿದೆ ಅವನ ಮನೆ?"

ಅಪ್ಪ ನನಗೆ ಕೊಟ್ಟಿದ್ದ ವಿಳಾಸ ಹೇಳಿದೆ; ಅಲ್ಲಿರೋದು ಟೈರ್ ಗೋಡೌನ್ ಎಂದ ಪಕ್ಕದಲ್ಲಿದ್ದ ಪೇದೆ. ನಾನು ಅದನ್ನು ಚೆಕ್ ಮಾಡಿರಲೇ ಇಲ್ಲ.

"ಮನೆ ಅಡ್ರೆಸ್ ತನ್ನಿ. ಆಮೇಲೆ ನೋಡೋಣ."

ಅದು ಇದ್ದದ್ದು ಒಂದೇ ಕಡೆ. ಅವಳ ಫೈಲಿನಲ್ಲಿ. ಮತ್ತೆ ಕಾಲೇಜಿಗೆ ಓಡಿದೆ. ಗುಮಾಸ್ತ ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದ.

"ಮನೆ ಅಡ್ರೆಸ್ ಬೇಕು. ಒಂದೇ ಸಾಲು."

"ಅವಳ ಒಪ್ಪಿಗೆ ಪತ್ರ ತನ್ನಿ ಸಾರ್."

"ಅವಳೇ ಇಲ್ಲ ಕಣಯ್ಯಾ!"

"ಹಂಗಾದ್ರೆ ಆಗಲ್ಲ. ಸ್ಟೂಡೆಂಟ್ ರೆಕಾರ್ಡು. ರೂಲ್ಸು."

ಜೀವನದಲ್ಲಿ ಯಾರಿಗೂ ಕೈ ಮುಗಿದವನಲ್ಲ ನಾನು. ಮುಗಿದೆ.

"ಒಂದ್ ನಾಲ್ಕ್ ನಿಮಿಷ... ಟೀ ಕುಡ್ಕೊಂಡು ಬಾರಯ್ಯಾ."

ಅವನು ತಲೆ ಎತ್ತಲಿಲ್ಲ.

"ಟೀ ಬಿಟ್ಬಿಟ್ಟೆ ಸಾರ್."