ಓಂಕಾರನ ಕರುಳುಪಟ್ಟಿ

ಹಾಲಿನಲ್ಲಿ ನೆನೆಸಿದ ಚಪಾತಿಯ ಮೊದಲ ತುತ್ತು ಗಂಟಲಿಳಿಯುತ್ತಿದ್ದಂತೆ ಓಂಕಾರನ ಹೊಟ್ಟೆಗೆ ಸುತ್ತಿದ್ದ ಪಟ್ಟಿಯ ಹಸಿರು ದೀಪ ಹಳದಿಯಾಯಿತು. ಎರಡನೆಯ ತುತ್ತಿಗೆ ಕೆಂಪಾಯಿತು. ಹುಡುಗ ಎರಡೂ ಕೈಗಳನ್ನು ಪಟಪಟನೆ ಬಡಿಯುತ್ತ, ಕೀರಲು ದನಿ ತೆಗೆದು ಕುಣಿಯತೊಡಗಿದ.

"ನೋಡಿದ್ರೇನು?" ಎಂದರು ಪ್ರಯೋಗಾಲಯದಲ್ಲಿ ಎದುರು ಕೂತಿದ್ದ ಡಾಕ್ಟರ್ ವಿದ್ಯಾಧರ ಹೆಬಸೂರ. "ನಿಮ್ಮ ಮಗನ ವೈರಿ ಇದ ನೋಡ್ರಿ."

ನೀಲಾಂಬಿಕಾಳ ಕೈಯಲ್ಲಿ ಬಟ್ಟಲು ಹಾಗೆಯೇ ನಿಂತಿತು. ಕರೆದರೆ ತಿರುಗದ, ನಾಲ್ಕು ತುಂಬಿದರೂ ಒಂದು ಮಾತಾಡದ ಮಗ ಎಲ್ಲಿದ್ದರೂ ಓಡಿ ಬರುತ್ತಿದ್ದುದು ಈ ಬಟ್ಟಲಿಗೆ ಮಾತ್ರ. ಅವನಿಗೆ ಆಟಿಸಂ ಇದೆಯೆಂದು ಗೊತ್ತಾದ ಮೇಲೆ ಶಾಲೆಗಳು ಅವನನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದ್ದವು. ಇವನ ಗದ್ದಲಕ್ಕೆ ಉಳಿದ ಮಕ್ಕಳು ಬೆದರುತ್ತಾರಂತೆ. ಚಾಲಕರಿಲ್ಲದ ಬಸ್ಸುಗಳು ಹುಬ್ಬಳ್ಳಿಯ ಬೀದಿಗಳಲ್ಲಿ ಓಡಾಡುತ್ತಿದ್ದ ಆ ಕಾಲದಲ್ಲೂ ಕೈ ಬಡಿದು ಕುಣಿಯುವ ಒಂದು ಮಗುವಿಗೆ ಬೆಂಚು ಸಿಕ್ಕಿರಲಿಲ್ಲ.

ಕರುಳುಪಟ್ಟಿ ಆಗಷ್ಟೇ ಬಂದ ಉಪಕರಣ. ಕರುಳಿಗೂ ಮಿದುಳಿಗೂ ನಡುವೆ ಒಂದು ನರದ ಹಾದಿಯಿದೆ. ತಿಂದ ಪದಾರ್ಥ ಮನಸ್ಸನ್ನು ಕಲಕಿದರೆ ಆ ಹಾದಿಯಲ್ಲಿ ಅಲೆಗಳೇಳುತ್ತವೆ. ಹೆಬಸೂರರು ಅವಕ್ಕೆ 'ಕಳವಳ ತರಂಗ' ಎಂದು ಹೆಸರಿಟ್ಟಿದ್ದರು. ಪಟ್ಟಿ ಚರ್ಮದ ಮೇಲಿಂದಲೇ ಆ ಅಲೆಗಳನ್ನು ಹಿಡಿದು ದೀಪದಲ್ಲಿ ತೋರಿಸುತ್ತಿತ್ತು. ಕೆಂಪು ತೋರಿಸಿದ ಆಹಾರವನ್ನು ಒಂದೊಂದಾಗಿ ಬಿಡಿಸುತ್ತ ಹೋಗುವುದು ಅವರ ಚಿಕಿತ್ಸೆ. ಹಿಂದಿನವರು ಹಾಲು ಬಿಡಿಸಿ ನೋಡು, ಗೋಧಿ ಬಿಡಿಸಿ ನೋಡು ಎಂದು ಕತ್ತಲಲ್ಲಿ ತಡಕಾಡುತ್ತಿದ್ದರು, ನಾವು ದೀಪ ಹಿಡಿದು ಹುಡುಕುತ್ತಿದ್ದೇವೆ ಎಂಬುದು ಅವರ ಹೆಮ್ಮೆ.

ಅಂದೇ ಹಾಲು ನಿಂತಿತು, ಗೋಧಿ ನಿಂತಿತು. ಓಂಕಾರ ಅಡುಗೆಮನೆಯ ಬಾಗಿಲು ಹಿಡಿದು ಅಲುಗಾಡಿಸಿದ, ನೆಲಕ್ಕೆ ಹಣೆ ಚಚ್ಚಿಕೊಂಡ. ಒಳಗೆ ನೀಲಾಂಬಿಕಾ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು.

"ಬಾಗಿಲಾ ತೆಗೀಬ್ಯಾಡ," ಎಂದ ಗಂಡ ಮಹಾಂತೇಶ. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. "ಎಂಟ್ ದಿನ ಅತ್ತಾನು. ಆಮ್ಯಾಲೆ ಸುಮ್ಮನಾಗ್ತಾನ."

ಹಾಗೆಯೇ ಆಯಿತು. ಆಮೇಲೆ ಶೇಂಗಾ ಕೆಂಪಾಯಿತು. ಬಾಳೆಹಣ್ಣು, ಚುರಮುರಿ, ಬೆಲ್ಲ ಎಲ್ಲವೂ ಒಂದರ ಹಿಂದೊಂದು ಕೆಂಪಾದವು, ಒಂದರ ಹಿಂದೊಂದು ಮನೆಯಿಂದ ಹೊರಬಿದ್ದವು. ಒಂದೊಂದು ಹೋದಾಗಲೂ ಹುಡುಗ ಮೊದಲಿಗಿಂತ ಕಡಿಮೆ ಅತ್ತ. ಚೀರಾಟ ನಿಂತಿತು. ಅಂಗಳದಲ್ಲಿ ಕೈ ಬಡಿದು ಓಡುವುದೂ ನಿಂತಿತು. ಚಡ್ಡಿ ಸೊಂಟದಲ್ಲಿ ನಿಲ್ಲದೆ ದಾರ ಕಟ್ಟಬೇಕಾಯಿತು. ದೀಪ ಮಾತ್ರ ದಿನವಿಡೀ ಹಸಿರಾಗಿರುತ್ತಿತ್ತು.

ಶಾಲೆಯೂ ಸೇರಿಸಿಕೊಂಡಿತು. "ಏನ್ ಶಾಣ್ಯಾ ಹುಡುಗ್ರೀ! ಕುಂತಲ್ಲೆ ಕುಂತಿರ್ತಾನ," ಎಂದು ಹೆಡ್‌ಮೇಡಂ ಹೊಗಳಿದ ದಿನ ನೀಲಾಂಬಿಕಾ ಓಣಿಗೆಲ್ಲ ಪೇಡೆ ಹಂಚಿದಳು. ಮಗನಿಗೆ ಮಾತ್ರ ಕೊಡಲಿಲ್ಲ. ಅವನೂ ಕೈ ಚಾಚಲಿಲ್ಲ.

ಕೊನೆಗೆ ಉಳಿದದ್ದು ಉಪ್ಪಿಲ್ಲದ ಅಕ್ಕಿಗಂಜಿ. ಒಂದು ಬೆಳಿಗ್ಗೆ ಅದಕ್ಕೂ ದೀಪ ಕೆಂಪಾಯಿತು.

ಗಾಬರಿಯಿಂದ ಅವಳು ಮಗನನ್ನು ಹೆಬಸೂರರ ಪ್ರಯೋಗಾಲಯಕ್ಕೆ ಎತ್ತಿಕೊಂಡು ಓಡಿದಳು. ಅಲ್ಲಿನ ನರ್ಸ್ ಅದೇ ಗಂಜಿ ತಿನ್ನಿಸಿದಳು, ಹಸಿರು. ನೀಲಾಂಬಿಕಾ ತಿನ್ನಿಸಿದಳು, ಕೆಂಪು. ಬಟ್ಟಲು ಕೆಳಗಿಟ್ಟು ಹೊರಗೆ ಹೋಗಿ ಬರಿಗೈಯಲ್ಲಿ ಒಳಗೆ ಬರಲು ಡಾಕ್ಟರು ಹೇಳಿದರು. ಅವಳು ಹೊಸ್ತಿಲು ದಾಟುತ್ತಿದ್ದಂತೆ ದೀಪ ಕೆಂಪಾಯಿತು.

ಹೆಬಸೂರರ ಮುಖ ಅರಳಿತು. "ಅಕ್ಕಾರ, ತಪ್ಪ್ ತಿಳಕೋಬ್ಯಾಡ್ರಿ. ದೋಷ ಗಂಜೀದಲ್ಲ, ನಿಮ್ದು. ಸ್ವಲ್ಪ ದಿನ ನೀವೂ ಅವನ್ನ ಬಿಟ್ಟು ದೂರ ಇರಬೇಕಾಗ್ತದ."

"ನನ್ನ ನೋಡಿದ್ರ ಅವಗ ತ್ರಾಸ ಆಗ್ತದೇನ್ರಿ?"

"ತ್ರಾಸ ಅಂತಲ್ರಿ. ಪಟ್ಟಿಗೆ ತ್ರಾಸ ಗೊತ್ತಿಲ್ಲ, ಖುಷಿ ಗೊತ್ತಿಲ್ಲ. ಅಲೆ ಎಷ್ಟ್ ಎತ್ತರ ಎದ್ದದ ಅನ್ನೋದಷ್ಟ ಗೊತ್ತು. ಎರಡೂ ಅಲೆ ಒಂದ ಥರಾ ಇರ್ತಾವ."

ನೀಲಾಂಬಿಕಾ ಮಗನ ಹೊಟ್ಟೆಯ ಮೇಲಿನ ಕೆಂಪು ದೀಪವನ್ನು ನೋಡಿದಳು.

"ಹಂಗಾರ ಮೊದಲನೇ ದಿನ ಹಾಲು-ಚಪಾತಿ ತಿಂದು ಕುಣಿದನಲ್ರಿ. ಅದು?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಖುಷಿನೂ ಇದ್ದಿರಬಹುದು. ಆದ್ರ ಗದ್ದಲ ನಿಂತದಲ್ರೀ? ಸಾಲಿಗೆ ಹೊಂಟಾನಲ್ರೀ? ನೀವು ಕೇಳಿದ್ದು ಅದನ್ನ."

ಅದು ಸುಳ್ಳಲ್ಲ. ಅವಳು ಅದನ್ನೇ ಕೇಳಿದ್ದಳು. ಅಲ್ಲಿ ನಿಲ್ಲಲಾರದೆ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲೆ ಒಗೆದು ಮಗನನ್ನು ಎತ್ತಿಕೊಂಡು ಮನೆಗೆ ಬಂದಳು.

ಬಿಡಿಸಿದ್ದನ್ನೆಲ್ಲ ಒಂದೇ ದಿನ ಅವನ ಮುಂದೆ ತಂದಿಟ್ಟಳು. ಓಂಕಾರ ತಟ್ಟೆಯನ್ನು ನೋಡಿದ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಬಾಯಿಗಿಟ್ಟ ತುತ್ತು, ನುಂಗು ಎನ್ನುವವರೆಗೆ ದವಡೆಯಲ್ಲೇ ಉಳಿಯಿತು. ಅವಳು ಬಾಚಿ ಎತ್ತಿಕೊಂಡಳು, ಕೆನ್ನೆಗೆ ಕೆನ್ನೆ ಒತ್ತಿದಳು, ಅಂಗಳದಲ್ಲಿ ತಾನೇ ಕೈ ಬಡಿದು ಕುಣಿದು ತೋರಿಸಿದಳು. ತೋಳಿನಲ್ಲಿದ್ದಷ್ಟು ಹೊತ್ತೂ ಅವನು ಕೆಳಗಿಳಿಸುವುದನ್ನು ಕಾಯುತ್ತಿದ್ದ.

ಕೆಲವು ವಾರ ಕಳೆದ ಮೇಲೆ ಹೆಬಸೂರರ ಫೋನ್ ಬಂತು. ದನಿಯಲ್ಲಿ ಮುನಿಸಿರಲಿಲ್ಲ.

"ಪಟ್ಟಿ ಬಿಚ್ಚಿದ ಮ್ಯಾಲೆ ಮತ್ತ ಕುಣಿಯಾಕ ಹತ್ಯಾನೇನ್ರಿ?"

"ಇಲ್ರಿ."

"ಚೀರೂದು?"

"ಇಲ್ರಿ."

"ಬೇಕಾದ್ದ ತಿನ್ನಾಕ ಕೊಟ್ರೂ? ನೀವು ಎತ್ತಿಕೊಂಡ್ರೂ?"

"ಇಲ್ರಿ."

"ಅಂದ್ರ ಪಟ್ಟಿ ತೆಗೆದ್ರೂ ಗುಣ ಹಂಗ ಉಳಿತದ! ನಾವ ಇಷ್ಟು ಅಂದ್ಕೊಂಡಿರಲಿಲ್ಲ ಅಕ್ಕಾರ. ಇನ್ನ ಎಷ್ಟ್ ಮಕ್ಕಳಿಗೆ ಅನುಕೂಲ ಆಗ್ತದ ಗೊತ್ತೇನ್ರಿ?"

ನೀಲಾಂಬಿಕಾ ಫೋನ್ ಇಟ್ಟು, ತಟ್ಟೆ ಹಿಡಿದು ಮಗನ ಎದುರು ಕೂತಳು. "ತಿನ್ನಪಾ," ಎಂದಳು. ಓಂಕಾರ ತಿಂದ. ಸ್ವಲ್ಪ ಹೊತ್ತಿನ ಮೇಲೆ, ಅವನ ಮುಖವನ್ನೇ ನೋಡುತ್ತ, "ಸಾಕು," ಎಂದಳು.

ತಟ್ಟೆಯಲ್ಲಿ ಇನ್ನೂ ಇತ್ತು. ಅವನು ನಿಲ್ಲಿಸಿದ.