ಕಾಲ್ಡರ್ ಹಿಲ್ ಜೈಲಿನ ಕೈಹೊಲಿಗೆ

ಗುರುವಾರ ಬೆಳಿಗ್ಗೆ ಜೋಳದ ಗಂಜಿ ಬಡಿಸುವ ಹೊತ್ತಿಗೆ, ರೀನಾ ಟಾಲಿವರ್ ಶಿಕ್ಷೆಯ ಕತ್ತಲೆ ಕೋಣೆಯಲ್ಲಿ ನೇಣು ಹಾಕಿಕೊಂಡಳೆಂಬ ಸುದ್ದಿ ಕಾಲ್ಡರ್ ಹಿಲ್ ಹೆಂಗಸರ ಜೈಲಿನ ತುಂಬ ಹಬ್ಬಿತು. ರೀನಾಗೆ ಇಪ್ಪತ್ತಮೂರು ವರ್ಷ. ಅವಳು ಜೈಲಿನಲ್ಲೇ ಹೆತ್ತ ಮಗು ಸತ್ತಿತೆಂದು ಜೈಲಿನವರು ಹೇಳಿ ತಿಂಗಳಾಗಿತ್ತು, ಅವಳು ನಂಬಿರಲಿಲ್ಲ. ಶುಕ್ರವಾರ ಬರುವ ತಪಾಸಣಾಧಿಕಾರಿಯನ್ನೇ ಕೇಳುತ್ತೇನೆ ಎಂದದ್ದಕ್ಕೆ ಬುಧವಾರ ಅವಳನ್ನು ಆ ಕೋಣೆಗೆ ದೂಡಿದ್ದರು.

ಹೆಣ ತೊಳೆಯುವ ಕೆಲಸ ಮಾ ಬೀಸ್ಲಿಯದು. ಹೆಂಗಸರನ್ನು ಗಂಡಸರ ಜೈಲಿನ ಅಟ್ಟದಲ್ಲಿ ತುಂಬುತ್ತಿದ್ದ ಕಾಲದಿಂದ ಮೂವತ್ತೊಂದು ವರ್ಷ ಒಳಗೇ ಕಳೆದ ಮುದುಕಿ. ಸೋಪು ಕಳುವಾದರೂ, ಚಾಡಿ ಹೇಳಿದವರು ಯಾರೆಂದು ತಿಳಿಯಬೇಕಾದರೂ ಕೈದಿಗಳು ಹೋಗುತ್ತಿದ್ದುದು ಅವಳ ಬಳಿಗೇ. ನೀರು ಹೊರಲು ಅವಳು ತನ್ನ ಕೋಣೆಯ ಜೊತೆಗಾತಿ ಥೆಲ್ಮಾಳನ್ನು ಕರೆದೊಯ್ದಳು. ಥೆಲ್ಮಾ ಹೊಲಿಗೆ ವಿಭಾಗದವಳು. ಹಿಂದಿನ ಸಂಜೆಯಷ್ಟೇ ಆರು ಹೊಸ ಬೆಡ್‌ಶೀಟ್‌ಗಳಿಗೆ ಕೈಯಿಂದ ಅಂಚು ಹೊಲಿದು, ಸೂಪರಿಂಟೆಂಡೆಂಟ್ ಮಿಸೆಸ್ ವಿಟ್ಲೋ ಮನೆಗೆ ತಾನೇ ಕೊಟ್ಟುಬಂದಿದ್ದಳು. ಅವಳ ಬಿಡುಗಡೆಗೆ ನಲವತ್ತು ದಿನ ಉಳಿದಿತ್ತು. ಊರಲ್ಲಿ ಒಂಬತ್ತು ವರ್ಷದ ಮಗಳಿದ್ದಳು.

"ಕುತ್ತಿಗೆ ನೋಡೇ," ಎಂದಳು ಮಾ ಬೀಸ್ಲಿ. "ನೇಣು ಹಾಕ್ಕೊಂಡ್ರೆ ಗುರುತು ಕಿವಿ ಕಡೆ ಏರತ್ತೆ. ಇದು ನೆಟ್ಟಗೆ ಸುತ್ತಿದೆ. ಹಿಂದಿನಿಂದ ಯಾರೋ ಬಿಗಿದಿದಾರೆ."

ನೇಣೆಂದು ಹೇಳಲಾಗಿದ್ದ ಬಟ್ಟೆಯ ಪಟ್ಟಿ ಪಕ್ಕದಲ್ಲೇ ಇತ್ತು. ಒಮ್ಮೆಯೂ ಒಗೆಯದ ಗರಿಗರಿ ಬಟ್ಟೆ. ಅದರ ಅಂಚು ಕಂಡೊಡನೆ ಥೆಲ್ಮಾಳ ಮುಖ ಬಿಳಿಚಿತು.

"ಯಾರ ಕೈಹೊಲಿಗೆ ಇದು?" ಎಂದಳು ಮಾ ಬೀಸ್ಲಿ.

"ನಲವತ್ತು ದಿನ, ಮಾ."

"ಗೊತ್ತು ಕಣೇ. ನಾನಾಗಿ ನಿನ್ನ ಹೆಸರೆತ್ತಲ್ಲ."

ಮರುದಿನ ಕೈದಿಗಳು ಹೊಲಿಗೆ ಯಂತ್ರ ಮುಟ್ಟಲಿಲ್ಲ. ಕೊಂದವಳು ಕಾವಲಿನ ಮೇಟ್ರನ್ ಗ್ರ್ಯಾಚ್, ಅವಳನ್ನು ಹಿಡಿಯಿರಿ ಎಂದು ಕೂತರು. ತಪಾಸಣಾಧಿಕಾರಿ ಹೇವರ್ಲಿ ಎಲ್ಲರನ್ನೂ ಹೊಲಿಗೆ ವಿಭಾಗದ ದೊಡ್ಡ ಕೋಣೆಯಲ್ಲಿ ಸೇರಿಸಿದ. ಮಾ ಬೀಸ್ಲಿ ಆ ಬಟ್ಟೆಯ ಪಟ್ಟಿ ಹಿಡಿದು ಎದ್ದು ನಿಂತು, ಕುತ್ತಿಗೆಯ ಗುರುತಿನ ಮಾತು ಹೇಳಿದಳು.

"ಕೋಣೆಗಿರೋದು ಎರಡೇ ಕೀಲಿ ಸಾರ್. ಒಂದು ಗ್ರ್ಯಾಚ್ ಹತ್ರ. ಅವಳು ಹೊಡೀತಾಳೆ, ನನ್ನ ಎರಡು ಹಲ್ಲು ಅವಳೇ ಉದುರಿಸಿದ್ದು. ಆದ್ರೆ ಇದು ಅವಳ ಕೆಲಸ ಅಲ್ಲ. ಕತ್ತಲೆ ಕೋಣೇಲಿ ಒಂದು ಕಂಬಳಿ ಬಿಟ್ರೆ ಬಟ್ಟೆ ಕೊಡಲ್ಲ. ಜೈಲಿನ ಉಗ್ರಾಣದ ಬೆಡ್‌ಶೀಟ್‌ಗೆಲ್ಲ ಯಂತ್ರದ ಹೊಲಿಗೆ. ಇದು ಕೈಹೊಲಿಗೆ. ಕೈಹೊಲಿಗೆ ಬೇಕು ಅನ್ನೋದು ಇಲ್ಲಿ ಒಂದೇ ಮನೆ. ಎರಡನೇ ಕೀಲಿ ಇರೋದೂ ಅದೇ ಮನೇಲಿ."

ಮಿಸೆಸ್ ವಿಟ್ಲೋ ನಕ್ಕಳು. "ಈ ಮುದುಕಿಗೆ ಅರಳುಮರಳು. ನಮ್ಮನೆ ಹೊಲಿಗೆ ಅಂತ ಹೇಳೋರು ಯಾರು?"

ಮಾ ಬೀಸ್ಲಿ ಥೆಲ್ಮಾಳ ಕಡೆ ತಿರುಗಿಯೂ ನೋಡಲಿಲ್ಲ. ಥೆಲ್ಮಾಳಿಗೆ ಮಗಳ ಮುಖ ಕಣ್ಮುಂದೆ ಬಂತು. ಅದರ ಹಿಂದೆಯೇ, ಮಗುವಿಲ್ಲದೆ ಹಾಲು ಕಟ್ಟಿ ಎದೆ ಬಿಗಿದು ನರಳುತ್ತಿದ್ದ ರೀನಾ. ಅವಳು ಎದ್ದಳು.

"ನಾನು ಹೇಳ್ತೀನಿ. ಹೊಲಿದಿದ್ದು ನಾನೇ. ಬುಧವಾರ ಸಂಜೆ ಆರು ಕೊಟ್ಟೆ. ಅವರ ಕಪಾಟಲ್ಲಿ ಎಣಿಸಿ ನೋಡಿ."

ಐದೇ ಸಿಕ್ಕವು. ಅದೇ ಕಪಾಟಿನಲ್ಲಿ ರೀನಾಳ ಮಗುವನ್ನು ದತ್ತು ಕೊಟ್ಟ ಕಾಗದವೂ ಸಿಕ್ಕಿತು. ತಾಯಿಯ ಸಹಿಯನ್ನು ಮಿಸೆಸ್ ವಿಟ್ಲೋ ತಾನೇ ಹಾಕಿದ್ದಳು.

"ಮಗು ಬದುಕಿದೆ ಅಂತ ರೀನಾಗೆ ಗೊತ್ತಾಗಿತ್ತು ಸಾರ್," ಎಂದಳು ಮಾ ಬೀಸ್ಲಿ. "ನಿಮ್ಮ ಮುಂದೆ ಅವಳು ಅದನ್ನ ಹೇಳದ ಹಾಗೆ ಮಾಡಿದ್ರು, ಅಷ್ಟೇ."

ಹೇವರ್ಲಿ ಎಲ್ಲವನ್ನೂ ಬರೆದುಕೊಂಡು ರಾಜಧಾನಿಗೆ ಹೋದ. ಮೂರು ವಾರದ ನಂತರ ಮಿಸೆಸ್ ವಿಟ್ಲೋ ಅನಾರೋಗ್ಯದ ಕಾರಣ ಕೊಟ್ಟು ಕೆಲಸ ಬಿಟ್ಟಳು. ಬೀಳ್ಕೊಡುಗೆಯ ಕೇಕನ್ನು ಕೈದಿಗಳಿಂದಲೇ ಮಾಡಿಸಿದರು. ರೀನಾಳ ಸಾವು ದಾಖಲೆಯಲ್ಲಿ ಆತ್ಮಹತ್ಯೆಯಾಗಿಯೇ ಉಳಿಯಿತು. ಮಾ ಬೀಸ್ಲಿಗೆ ಹತ್ತು ದಿನ ಕತ್ತಲೆ ಕೋಣೆ. ಅಧಿಕಾರಿಗಳ ಮೇಲೆ ಅಪವಾದ ಹೊರಿಸಿದಳೆಂದು ಥೆಲ್ಮಾಳ ಬಿಡುಗಡೆಯನ್ನು ಎರಡು ವರ್ಷ ಮುಂದೂಡಿದರು.

ಅವಳು ಮಗಳಿಗೆ ಎರಡು ಪುಟ ಪತ್ರ ಬರೆದು, ನಡೆದದ್ದನ್ನೆಲ್ಲ ತಿಳಿಸಿದಳು. ಪತ್ರ ಓದಿ ಕಳಿಸುವ ಹೊಸ ಅಧಿಕಾರಿಣಿ ಸಾಲುಸಾಲಾಗಿ ಕಪ್ಪು ಮಸಿ ಬಳಿದಳು. ಮಗಳಿಗೆ ಓದಲು ಸಿಕ್ಕಿದ್ದು ಒಂದೇ ವಾಕ್ಯ: 'ಈ ವರ್ಷ ಅಮ್ಮ ಬರೋದಿಲ್ಲ.'