ಬೆಂಟ್ಲಿಯಲ್ಲಿ ಕಳುವಾದ ಕಾಡು

ಅನ್ನ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ: ಆಸ್ಟ್ರೇಲಿಯಾದ ಪರ್ತ್ ಊರಿನಲ್ಲಿ ಹಾಡುಹಗಲೇ ಒಂದು ಕಾಡು ಕಳುವಾಯಿತು. ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದ ಕಾಡು. ಎಷ್ಟು ದಟ್ಟವೆಂದರೆ, ಎದುರು ನಿಂತವರಿಗೆ ಸೊಳ್ಳೆ ಕಚ್ಚುತ್ತಿತ್ತು.

ಮಂಗಳವಾರ ಸಂಜೆ ಚಿತ್ರ ಕಲಾವಿದೆ ಪ್ರಣತಿ ಠಾಣೆಗೆ ಬಂದು ದೂರು ಕೊಟ್ಟಳು. ಅಡಿಲೇಡ್‌ನ ಗ್ಯಾಲರಿಗೆ ಮಾರಿದ್ದ ಚಿತ್ರ. ಮರುದಿನ ಲಾರಿ ಬರುವುದಿತ್ತು. ಇನ್‌ಸ್ಪೆಕ್ಟರ್ ಡೆರಿಕ್ ಮಂಗಳೂರು ಕಡೆಯವನು. ಕನ್ನಡ ಬರುತ್ತದೆಂದು ಅವನನ್ನೇ ಕಳಿಸಿದರು.

ಬೆಂಟ್ಲಿ ಬಡಾವಣೆಯ ತನ್ನ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಅವಳು ಚಿತ್ರ ಬರೆಯುವುದು. ಮೂಲೆಯಲ್ಲಿ ತೀರಿಹೋದ ಮಗಳು ಪೂರ್ವಿಯ ಫೋಟೋ, ದೀಪ. ಗೋಡೆಗೆ ಒರಗಿದ್ದ ಚೌಕಟ್ಟು ಖಾಲಿ. ಕ್ಯಾನ್ವಾಸನ್ನು ಕೊಯ್ದು ಒಯ್ದಿದ್ದರು. ನಮ್ಮ ಕಡೆ ಪಂಚನಾಮೆ ಅನ್ನುವುದನ್ನು ಅಲ್ಲಿ ಫೋಟೋ ತೆಗೆದು ಮುಗಿಸುತ್ತಾರೆ. ಡೆರಿಕ್ ಎರಡು ಫೋಟೋ ತೆಗೆದ. ಹೊರಗಿನ ಒದ್ದೆ ಮಣ್ಣಿನಲ್ಲಿ ಶೂ ಗುರುತು ಹೊಸ್ತಿಲ ಬಳಿ ಜೋಡಿಯಾಗಿ ನಿಂತಿತ್ತು. ಒಳಗೆ, ಚೆಲ್ಲಿದ ಹಸಿರು ಬಣ್ಣದಲ್ಲಿ ಬರಿಗಾಲಿನ ಗುರುತು.

“ಶೂ ಬಿಚ್ಚಿಟ್ಟು ಬರೋ ಕಳ್ಳನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ ಮೇಡಂ. ಇಲ್ಲಿ ದೀಪ ಇಡೋದು ಯಾರಿಗೆ ಗೊತ್ತು?”

“ನನಗೆ.”

“ಮತ್ತೆ?”

ಅವಳು ದೀಪದ ಬತ್ತಿ ಸರಿಮಾಡಿದಳು. “ಶ್ರೇಯಸನಿಗೆ. ನನ್ನ ಗಂಡ. ಪೂರ್ವಿ ಹೋದ್ಮೇಲೆ ಬ್ರಿಸ್ಬೇನ್‌ಗೆ ಹೊರಟ್ಹೋದ.”

“ಅವ್ರಿಗೆ ಕಾಡು ಯಾಕೆ?”

“ಕಾಡಲ್ಲ. ಅದರ ಕೆಳಗೆ ಪೂರ್ವಿ ಇದ್ದಾಳೆ. ಆಸ್ಪತ್ರೆಯಲ್ಲಿ ಕೂರಿಸಿ ಬರೆದಿದ್ದೆ. ಆಮೇಲೆ ದಿನಾ ನೋಡಕ್ಕಾಗ್ಲಿಲ್ಲ. ಅದರ ಮೇಲೇ ಒಂದೊಂದು ಮರ ಬರೆದು ಮುಚ್ಚಿದೆ.”

ಗುರುವಾರ ಡೆರಿಕ್ ಬ್ರಿಸ್ಬೇನ್‌ಗೆ ಹಾರಿದ. ಅಲ್ಲಿನ ಪೊಲೀಸರೊಂದಿಗೆ ಟೂವಾಂಗ್ ಬಡಾವಣೆಯಲ್ಲಿ ಶ್ರೇಯಸನ ಫ್ಲ್ಯಾಟಿನ ಮೆಟ್ಟಿಲು ಹತ್ತುವಾಗಲೇ ಬಣ್ಣ ಒರೆಸುವ ಟರ್ಪೆಂಟೈನ್ ವಾಸನೆ. ಬಾಗಿಲು ತೆರೆದಿತ್ತು. ಶ್ರೇಯಸ ನೆಲದ ಮೇಲೆ ಕೂತಿದ್ದ, ಕೈಯಲ್ಲಿ ಹಸಿರಾದ ಬಟ್ಟೆ.

“ಮಗಳ ಫೋಟೋ ಇತ್ತಲ್ಲಪ್ಪ?” ಎಂದ ಡೆರಿಕ್.

“ಫೋಟೋದಲ್ಲಿ ಕ್ಯಾಮೆರಾ ನೋಡ್ತಾಳೆ ಸರ್. ಪ್ರಣತಿ ಬರೆಯೋವಾಗ ಅಲುಗಾಡದೆ ಕೂರ್ಲಿ ಅಂತ ನಾನು ಎದುರಿಗೆ ಕತೆ ಹೇಳ್ತಿದ್ದೆ. ಆ ಚಿತ್ರದಲ್ಲಿ ನನ್ನನ್ನೇ ನೋಡ್ತಿದ್ಳು. ಮಾರಿಬಿಡ್ತಾಳೆ ಅಂತ ಗೊತ್ತಾಯ್ತು. ಒಂದ್ಸಲ ನೋಡೋಣ ಅಂತ ಒರೆಸಿದೆ.”

ಮರಗಳೆಲ್ಲ ಬಟ್ಟೆಗೆ ಬಂದಿದ್ದವು. ಅವುಗಳ ಜೊತೆ ಮಗಳ ಮುಖವೂ ಅಳಿಸಿ ಬಂದಿತ್ತು. ಕ್ಯಾನ್ವಾಸಿನಲ್ಲಿ ಉಳಿದದ್ದು ಒಂದು ಕಿವಿ, ಅದರಲ್ಲೊಂದು ಓಲೆ.

ಬಂಧಿಸಿ ಕಾರಿಗೆ ಹತ್ತಿಸುವಾಗ ಪ್ರಣತಿಯ ಫೋನ್ ಬಂತು. ಅವಳು ಚಿತ್ರದ ಬಗ್ಗೆ ಕೇಳಲಿಲ್ಲ.

“ಅವನು ಅವಳನ್ನ ನೋಡಿದ್ನಂತಾ?”

ಡೆರಿಕ್ ಶ್ರೇಯಸನ ಕೈ ನೋಡಿದ. “ನೋಡಿದ್ರಂತೆ ಮೇಡಂ. ಕಣ್ತುಂಬಾ.”

ಪೊಲೀಸಿನವನು ಸುಳ್ಳು ಹೇಳಬಾರದಿತ್ತು ಅನ್ನುವವರು ನಿಮ್ಮಲ್ಲಿ ಇದ್ದರೆ ಮುಂದೆ ಬನ್ನಿ. ಪ್ರಣತಿಯ ನಂಬರ್ ಕೊಡುತ್ತೇನೆ. ನೀವೇ ಫೋನ್ ಮಾಡಿ ನಿಜ ಹೇಳಿ.